ನಸ್ರೀನಳ ಸುಸ್ತು, ನಾನು ಹಬ್ಬಿಸಿದ ಸುದ್ದಿ

ನಮ್ಮ ಪಂಚಾಯತಿಯ ಕಸದ ಗಾಡಿ ಓಡಿಸುವವಳು ನಸ್ರೀನ್. ಅವಳ ಪಕ್ಕದ ಸೀಟಿನಲ್ಲಿ ಕೂತು, ಮನೆಮನೆಯ ಮುಂದೆ ಇಳಿದು, ಚೀಲ ಎತ್ತಿ ಹಿಂದಕ್ಕೆ ಸುರಿಯುವವಳು ನಾನು, ವನಜಮ್ಮ. ಗಾಡಿಗೆ ಸರ್ಕಾರ ಇಟ್ಟ ಹೆಸರು ಸ್ವಚ್ಛ ವಾಹಿನಿ. ಹಾಗೆ ಕರೆಯುವವರು ಪಿಡಿಒ ಜಯಪ್ರಕಾಶ್ ಒಬ್ಬರೇ, ಅದೂ ಮೇಲಿನವರು ತಪಾಸಣೆಗೆ ಬಂದ ದಿನ. ಉಳಿದವರಿಗೆ ಅದು ಕಸದ ಗಾಡಿ, ನಾವು ಕಸದ ಗಾಡಿಯವರು. ನನಗೆ ಅದರಲ್ಲಿ ಬೇಜಾರಿಲ್ಲ. ಐವತ್ತೆರಡು ವರ್ಷದಲ್ಲಿ ನನ್ನನ್ನು ಇದಕ್ಕಿಂತ ಕೆಟ್ಟದಾಗಿ ಕರೆದವರಿದ್ದಾರೆ, ಅದರಲ್ಲಿ ಇಬ್ಬರು ನನ್ನ ಸ್ವಂತ ನಾದಿನಿಯರು.

ನಸ್ರೀನಳಿಗೆ ಮೂವತ್ತೊಂದು. ತವರು ನರಸಿಂಹರಾಜಪುರ. ಕೊಪ್ಪದ ಹತ್ತಿರದ ನಮ್ಮೂರಿಗೆ ಮದುವೆಯಾಗಿ ಬಂದು ಒಂಬತ್ತು ವರ್ಷವಾಯಿತು. ಗಂಡ ಮುಬಶಿರ್ ಬಾಳೆಹೊನ್ನೂರಿನಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದಾನೆ. ಮಕ್ಕಳಿಲ್ಲ. ಸ್ತ್ರೀಶಕ್ತಿ ಸಂಘಗಳ ಒಕ್ಕೂಟದ ಸಭೆಯಲ್ಲಿ "ಯಾರು ಡ್ರೈವಿಂಗ್ ಕಲೀತೀರಿ?" ಎಂದು ಕೇಳಿದಾಗ ಮೂವತ್ತು ಹೆಂಗಸರು ನೆಲ ನೋಡಿದೆವು, ಇವಳು ಕೈ ಎತ್ತಿದಳು. ಮೊದಲ ದಿನ ಅವಳು ಗಾಡಿ ರಿವರ್ಸ್ ತೆಗೆಯುವುದನ್ನು ನೋಡಲು ಬಸ್ ಸ್ಟಾಪಿನಲ್ಲಿ ಗಂಡಸರು ಸಾಲಾಗಿ ನಿಂತಿದ್ದರು. ಕಸ ಬೇರ್ಪಡಿಸುವ ಶೆಡ್ಡಿನ ಗೋಡೆಗೆ ಒಂದು ಗೇಣು ಬಿಟ್ಟು ತಂದು ನಿಲ್ಲಿಸಿದಳು. ನನ್ನ ಮಗ ಎಸ್ಸೆಸ್ಸೆಲ್ಸಿ ಪಾಸಾದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಅವಳ ಸುಸ್ತು ನನ್ನ ಕಣ್ಣಿಗೆ ಬಿದ್ದದ್ದು ಕಳೆದ ವರ್ಷದ ಏಪ್ರಿಲ್‌ನಲ್ಲಿ. ಬೆಳಿಗ್ಗೆ ಏಳಕ್ಕೆ ಗಾಡಿ ತೆಗೆಯುವಾಗಲೇ ಅವಳ ಮುಖ ಇಡೀ ದಿನ ನಾಟಿ ಮಾಡಿ ಬಂದವಳ ಹಾಗಿರುತ್ತಿತ್ತು. ಗೇರ್ ಹಾಕಿದ ಕೈ ಅಲ್ಲೇ ಉಳಿದುಬಿಡುತ್ತಿತ್ತು, ಎತ್ತಲು ಮನಸ್ಸೇ ಇಲ್ಲದವರ ಹಾಗೆ. ತಿಂಗಳಿನ ಕೆಲವು ದಿನ ಹೊಟ್ಟೆಗೆ ದುಪಟ್ಟಾ ಬಿಗಿದು ಕಟ್ಟಿಕೊಂಡು ಬರುತ್ತಿದ್ದಳು. ಕೇಳಿದರೆ, "ಮುಟ್ಟಿನ ನೋವು ವನಜಕ್ಕ, ಎಲ್ರಿಗೂ ಇರೋದೇ ಅಲ್ವಾ?" ಅನ್ನುತ್ತಿದ್ದಳು. ಹೌದು, ಎಲ್ಲರಿಗೂ ಇರೋದೇ ಎಂದು ನಾನೂ ಅಂದೆ. ಆದರೆ ನೋವು ನಾಲ್ಕೈದು ದಿನಕ್ಕೆ ಹೋಗುತ್ತಿತ್ತು, ಸುಸ್ತು ಹೋಗುತ್ತಿರಲಿಲ್ಲ. ನಾನು ಒಳಗೊಳಗೇ ಇವಳು ಸೋಮಾರಿ ಎಂದುಕೊಂಡೆ. ಮುಚ್ಚಿಡುವುದೇಕೆ, ಹಾಗೆಯೇ ಅಂದುಕೊಂಡೆ.

ಸುಬ್ಬಪ್ಪನವರ ಮನೆಯ ತಿರುವಿನಲ್ಲಿ ದಿನಾ ಗಾಡಿ ನಿಲ್ಲಿಸಿ ಸ್ಟೇರಿಂಗ್ ಮೇಲೆ ತಲೆಯಿಟ್ಟು ಹತ್ತು ನಿಮಿಷ ಕಣ್ಣು ಮುಚ್ಚುವುದು ಅವಳ ರೂಢಿಯಾಯಿತು. ಮೈಕಿನಲ್ಲಿ ಕಸದ ಹಾಡು ಬಡಿದುಕೊಳ್ಳುತ್ತಲೇ ಇರುತ್ತಿತ್ತು. ಸುಬ್ಬಪ್ಪನವರಿಗೆ ಎಪ್ಪತ್ತು ವರ್ಷ. ಗಾಡಿ ತಮಗೋಸ್ಕರವೇ ಕಾಯುತ್ತಿದೆ, ತಾವು ಕೊಟ್ಟ ಕಸ ಸಾಲಲಿಲ್ಲ ಎಂದು ಅವರು ತಿಳಿದುಕೊಂಡರು. ಮೊದಲ ದಿನ ಅಟ್ಟದಿಂದ ಗೊಬ್ಬರದ ಖಾಲಿ ಚೀಲಗಳನ್ನು ಇಳಿಸಿ ತಂದರು. ಮರುದಿನ ಹರಿದ ಟಾರ್ಪಾಲು. ಮತ್ತೊಂದು ದಿನ ಒಡೆದ ರೇಡಿಯೋ, ಹಳೆಯ ಚಪ್ಪಲಿ, ತಳ ಹೋದ ಬಕೆಟ್ಟು. ಐದನೇ ದಿನ ಬರಿಗೈಯಲ್ಲಿ ಬಂದು ನಿಂತು, "ಇನ್ನೆಂತ ಕೊಡ್ಲಿ ಮಾರಾಯ್ತಿ? ಮನೇಲಿ ಹಳೇದು ಅಂತ ಉಳ್ದಿರೋದು ಇನ್ನು ನಾನೊಬ್ನೇ" ಅಂದರು.

ನಾನು ನಕ್ಕೆ. ಆದರೆ ಮುಂದಿನ ಮನೆಗಳವರು ನಗಲಿಲ್ಲ. ಗಾಡಿ ತಡವಾಗಿ ಬರುತ್ತದೆ, ಡ್ರೈವರಮ್ಮ ನಿದ್ದೆ ಮಾಡುತ್ತಾಳೆ ಎಂದು ಪಂಚಾಯತಿಗೆ ಎರಡು ಫೋನ್ ಹೋದವು. ಇಡೀ ಊರನ್ನು ದಿನಾ ಸುತ್ತುವ ಬದಲು ಮೇಲಿನ ಭಾಗ ಒಂದು ದಿನ, ಕೆಳಗಿನ ಭಾಗ ಒಂದು ದಿನ ಮಾಡಬಹುದೇ ಎಂದು ನಾನೇ ಜಯಪ್ರಕಾಶ್ ಅವರನ್ನು ಕೇಳಿದೆ. ನಿಯಮದಲ್ಲಿ ಅವಕಾಶ ಇಲ್ಲ ಅಂದರು. ನಸ್ರೀನಳ ಕಡೆ ತಿರುಗಿ, "ಇನ್ನೊಂದು ದೂರು ಬಂದ್ರೆ ಒಕ್ಕೂಟಕ್ಕೆ ಪತ್ರ ಬರೀತೀನಿ ನೋಡಮ್ಮ. ಪಿಕಪ್ ಓಡ್ಸೋ ಕುಮಾರ ರೆಡಿ ಇದಾನೆ" ಅಂದರು.

ಹೊರಗೆ ಬಂದು ಅವಳು ಗಾಡಿಯ ಬಾಗಿಲು ಹಿಡಿದು ನಿಂತಳು. ಆಮೇಲೆ, "ಈ ಗಾಡಿ ಹೋದ್ರೆ ನಾನು ಮತ್ತೆ ಮನೆ ಒಳಗೆ ಕೂರ್ಬೇಕು ವನಜಕ್ಕ. ಅಲ್ಲಿ ಬಂದೋರೆಲ್ಲ ಕೇಳೋದು ಒಂದೇ ಪ್ರಶ್ನೆ" ಅಂದಳು. ಯಾವ ಪ್ರಶ್ನೆ ಎಂದು ನಾನು ಕೇಳಲಿಲ್ಲ. ಮದುವೆಯಾಗಿ ಒಂಬತ್ತು ವರ್ಷವಾದವಳಿಗೆ ನಾನೂ ಅದನ್ನೇ ಕೇಳಿದ್ದೆ.

ಮೇ ಕೊನೆಯಲ್ಲಿ ಒಂದು ಇಳಿಜಾರಿನಲ್ಲಿ ಗಾಡಿ ನಿಧಾನಕ್ಕೆ ಎಡಕ್ಕೆ ಸರಿಯತೊಡಗಿತು. ಯಾರಿಗೋ ದಾರಿ ಬಿಡುತ್ತಿದ್ದಾಳೆ ಅಂದುಕೊಂಡೆ. ಎದುರಿಗೆ ಯಾರೂ ಇರಲಿಲ್ಲ. ತಿರುಗಿ ನೋಡಿದರೆ ಅವಳ ಕಣ್ಣು ಅರ್ಧ ಮುಚ್ಚಿತ್ತು. ನಾನು ಕೂಗಿದ ಕೂಗಿಗೆ ಬ್ರೇಕ್ ಒತ್ತಿದಳು. ಎಡಗಡೆಯ ಚಕ್ರ ಚರಂಡಿಯ ಅಂಚಿಗೆ ಬಂದು ನಿಂತಿತ್ತು, ಕೆಳಗೆ ಎರಡಾಳು ಆಳ. ಅವತ್ತಿನಿಂದ ನನಗೆ ರಸ್ತೆ ಕಾಣುವುದೇ ನಿಂತಿತು, ಅವಳ ರೆಪ್ಪೆ ಮಾತ್ರ ಕಾಣುತ್ತಿತ್ತು. ಹೇಳಿದರೆ ಅವಳ ಕೆಲಸ ಹೋಗುತ್ತದೆ. ಹೇಳದಿದ್ದರೆ ಯಾವತ್ತೋ ಒಂದು ದಿನ ಯಾರದೋ ಮಗು ಗಾಡಿಯ ಅಡಿಗೆ ಬೀಳುತ್ತದೆ.

ಜೂನ್ ಮೊದಲ ವಾರ ಅವಳು ಎರಡು ದಿನ ತವರಿಗೆ ಹೋಗಿ ಬಂದಳು. ಬಂದವಳ ಗಾಡಿಯಲ್ಲಿ ಶಿವಮೊಗ್ಗದ ಸ್ಕ್ಯಾನಿಂಗ್ ಸೆಂಟರಿನ ದೊಡ್ಡ ಕವರ್ ಇತ್ತು. ದಿನಾ ಒಂದು ಮಾತ್ರೆ ನುಂಗತೊಡಗಿದಳು. ಒಂದು ದಿನ ಶೆಡ್ಡಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ಸುಸ್ತು, ಸ್ಕ್ಯಾನಿಂಗ್, ಮಾತ್ರೆ, ವಾಂತಿ. ಎರಡು ಹೆತ್ತವಳಿಗೆ ಇಷ್ಟೂ ಗೊತ್ತಾಗುವುದಿಲ್ಲವೇ? ನನಗೆ ಆದ ಸಂತೋಷಕ್ಕೆ ನಾನೇ ಸಾಕ್ಷಿ. ಸೋಮಾರಿ ಎಂದುಕೊಂಡಿದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ. ಅವಳಾಗಿ ಹೇಳುವ ತನಕ ಬಾಯಿ ಬಿಡಬಾರದು ಎಂದು ನಿಶ್ಚಯಿಸಿಕೊಂಡು, ಗಣಪತಿಯವರ ಹೆಂಡತಿ ಶಾರದಕ್ಕನಿಗೆ ಒಬ್ಬರಿಗೆ ಮಾತ್ರ ಹೇಳಿದೆ. ಯಾರಿಗೂ ಹೇಳಬೇಡಿ ಎಂದೂ ಹೇಳಿದೆ. ನಮ್ಮ ಗಾಡಿ ದಿನಕ್ಕೆ ನೂರೆಂಬತ್ತು ಮನೆ ಸುತ್ತುತ್ತದೆ. ಸುದ್ದಿ ನಮಗಿಂತ ಮುಂದೆ ಓಡಿತು.

ಮರುದಿನ ಶಾರದಕ್ಕ ಗೇಟಿನಲ್ಲಿ ಕಾದು ನಿಂತಿದ್ದರು, ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಹಲಸಿನ ಹಣ್ಣಿನ ಕಡುಬು. ಬಸುರಿಗೆ ಬಯಕೆ ಊಟ ಕೊಡುವುದು ನಮ್ಮಲ್ಲಿ ಪುಣ್ಯದ ಕೆಲಸ, ಅದಕ್ಕೆ ಜಾತಿ ಮತ ಕೇಳುವುದಿಲ್ಲ. ಅದರ ಮರುದಿನ ಒಂದು ಮನೆಯಿಂದ ಪತ್ರೊಡೆ ಬಂತು, ಇನ್ನೊಂದು ಮನೆಯಿಂದ ಮಿಡಿ ಉಪ್ಪಿನಕಾಯಿ. ಅಂಗಡಿ ಜಲಾಲುದ್ದೀನ್ ಒಂದು ಪೊಟ್ಟಣ ಖರ್ಜೂರ ತಂದು ಸೀಟಿನ ಮೇಲಿಟ್ಟು ಹೋದರು. ಹಿಂದೆ ಕಸ, ಮುಂದೆ ಬುತ್ತಿ, ಹೀಗೆ ನಮ್ಮ ಗಾಡಿ ಹೊರಟಿತು.

ಊಟದ ಮಾತು ಬಿಡಿ. ಜನ ತಾವೇ ಚೀಲ ಹೊತ್ತು ತಂದು ಗಾಡಿಗೆ ಹಾಕತೊಡಗಿದರು. ತಡವಾದರೆ ಒಬ್ಬರೂ ಫೋನ್ ಮಾಡಲಿಲ್ಲ. ತಿರುವಿನಲ್ಲಿ ಅವಳು ಕಣ್ಣು ಮುಚ್ಚಿದರೆ ಸುಬ್ಬಪ್ಪನವರೇ ಬಂದು ಹಾಡು ನಿಲ್ಲಿಸಿ, ಹಾದುಹೋಗುವ ಬೈಕಿನವರಿಗೆ ಮೆಲ್ಲಗೆ ಹೋಗಿ ಎಂದು ಕೈ ಮಾಡುತ್ತಿದ್ದರು. ಜಯಪ್ರಕಾಶ್ ಕರೆದು, "ಹೊಂಡ ನೋಡ್ಕೊಂಡು ಓಡ್ಸಮ್ಮ. ನಾಳೆಯಿಂದ ಮೇಲಿನ ಭಾಗ ಒಂದು ದಿನ, ಕೆಳಗಿನ ಭಾಗ ಒಂದು ದಿನ ಮಾಡಿ" ಅಂದರು. ಏಪ್ರಿಲ್‌ನಲ್ಲಿ ಇಲ್ಲದ ನಿಯಮ ಜೂನ್‌ನಲ್ಲಿ ಎಲ್ಲಿಂದ ಬಂತೋ ಕಾಣೆ.

ಮೂರನೇ ದಿನ ಗಾಡಿ ತಿರುವಿನಲ್ಲಿ ನಿಂತಾಗ ನಸ್ರೀನ್ ಯಾರದೋ ಮನೆಯ ಸ್ಟೀಲ್ ಡಬ್ಬಿ ಹಿಡಿದುಕೊಂಡು ಅತ್ತಳು. ಸದ್ದಿಲ್ಲದೆ, ಭುಜ ಅಲ್ಲಾಡದ ಹಾಗೆ ಅತ್ತಳು. "ಯಾರು ವನಜಕ್ಕ ಹೇಳಿದ್ದು, ನಾನು ಬಸುರಿ ಅಂತ?"

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಅವಳಿಗೆ ಗೊತ್ತಾಯಿತು. ಆಮೇಲೆ ಆ ಕವರ್ ತೆಗೆದು ನನ್ನ ತೊಡೆಯ ಮೇಲಿಟ್ಟಳು.

"ಗರ್ಭಕೋಶದ ಒಳಗಡೆ ಒಂದು ಪದರ ಇರ್ತದಲ್ಲ, ಅಂಥದ್ದೇ ಹೊರಗಡೆ ಬೆಳ್ದಿದೆ ಅಂತೆ. ಅಂಡಾಶಯದ ಮೇಲೆ ಎಲ್ಲ. ತಿಂಗಳು ತಿಂಗಳು ಅಲ್ಲೂ ರಕ್ತ ಸೋರಿ, ಹೋಗೋಕೆ ದಾರಿ ಇಲ್ದೆ ಅಲ್ಲೇ ಗಂಟು ಕಟ್ತದಂತೆ. ಎಂಡೊಮೆಟ್ರಿಯೋಸಿಸ್ ಅಂತ ಹೆಸರು. ಈ ಮಾತ್ರೆ ಮುಟ್ಟು ನಿಲ್ಸೋಕೆ. ಮಾತ್ರೆ ನಡೆಯೋವರೆಗೆ ಮಗು ಮಾತೇ ಇಲ್ಲ, ಆಮೇಲೆ ನೋಡಣ ಅಂದ್ರು." ಡಬ್ಬಿಯ ಮುಚ್ಚಳ ಒತ್ತುತ್ತ ಹೇಳಿದಳು, "ಸುಸ್ತೂ ಅದರದ್ದೇ ಅಂದ್ರು ಡಾಕ್ಟ್ರು. ನೀನು ಸೋಮಾರಿ ಅಲ್ಲಮ್ಮ ಅಂತ ಒಬ್ರು ಬಾಯಿಬಿಟ್ಟು ಹೇಳಿದ್ದು ಇದೇ ಮೊದ್ಲು."

ನನಗೆ ನಾಚಿಕೆಯಾಯಿತು. ಈಗಲೇ ಹೋಗಿ ಮನೆಮನೆಗೂ ಹೇಳಿ ಬರುತ್ತೇನೆ ಎಂದು ಬಾಗಿಲು ತೆಗೆದೆ. ಅವಳು ನನ್ನ ಕೈ ಹಿಡಿದಳು.

"ಬೇಡ. ಒಂದು ತಿಂಗಳು ಇರ್ಲಿ. ಈ ಮೂರು ದಿನ ನಾನು ಮನೆಗೆ ಹೋಗಿ ನಿಂತ್ಕೊಂಡು ಅಡಿಗೆ ಮಾಡಿದೀನಿ ವನಜಕ್ಕ. ಅಷ್ಟು ಶಕ್ತಿ ಉಳ್ದಿತ್ತು."

ಹೀಗೆ ನನ್ನ ತಪ್ಪು ನಮ್ಮಿಬ್ಬರ ಸುಳ್ಳಾಯಿತು.

ಆ ಸುಳ್ಳಿನ ನೆರಳಿನಲ್ಲಿ ಅವಳು ತನ್ನ ಸುಸ್ತಿನ ಜೊತೆ ಬದುಕುವುದನ್ನು ಕಲಿತಳು. ಗಾಡಿಯ ಲಾಗ್ ಬುಕ್ಕಿನ ಕೊನೆಯ ಪುಟದಲ್ಲಿ ದಿನಕ್ಕೊಂದು ಚುಕ್ಕಿ ಇಡುತ್ತಿದ್ದಳು, ಒಳ್ಳೆಯ ದಿನಕ್ಕೆ ಒಂದು, ಕೆಟ್ಟ ದಿನಕ್ಕೆ ಮೂರು. ಮೂರು ಚುಕ್ಕಿಯ ದಿನ ಏರುದಾರಿಯ ಮನೆಗಳನ್ನು ಮೊದಲು ಮುಗಿಸುತ್ತಿದ್ದೆವು. ಸೀಟಿನ ಬೆನ್ನಿಗೆ ಬಿಸಿನೀರಿನ ರಬ್ಬರ್ ಚೀಲ. ನಮ್ಮಿಬ್ಬರ ನಡುವೆ ಒಂದು ಕರಾರು: ಅವಳು "ಕಣ್ಣು" ಅಂದರೆ ಸಾಕು, ಎಲ್ಲಿದ್ದರೂ ಗಾಡಿ ಬದಿಗೆ, ಎಂಜಿನ್ ಬಂದ್, ಕೀಲಿ ನನ್ನ ಕೈಗೆ. ಹದಿನೈದು ನಿಮಿಷ ಕಳೆಯದೆ ನಾನು ಕೊಡುವುದಿಲ್ಲ. ಒಂದು ಸಲ ಹತ್ತೇ ನಿಮಿಷಕ್ಕೆ ಕೇಳಿದಳು, ಕೊಡಲಿಲ್ಲ, ಜಗಳವಾಡಿದೆವು. ಗಾಡಿ ಮತ್ತೆ ಎಡಕ್ಕೆ ಸರಿಯಲಿಲ್ಲ.

ಆದರೆ ತಿಂಗಳು ಒಂದಕ್ಕೆ ನಿಲ್ಲಲಿಲ್ಲ. ಜುಲೈ ಹೋಯಿತು. ಹೆಂಗಸರ ಕಣ್ಣು ಅವಳ ಮುಖದಿಂದ ಇಳಿದು ಹೊಟ್ಟೆಯ ಮೇಲೆ ನಿಲ್ಲತೊಡಗಿತು. ಅವಳು ಮಳೆಯಿಲ್ಲದಾಗಲೂ ರೇನ್‌ಕೋಟ್ ಬಿಚ್ಚುತ್ತಿರಲಿಲ್ಲ. "ಹೊಟ್ಟೆ ಕಾಣೋದೇ ಇಲ್ಲಲ್ಲ ವನಜಾ" ಎಂದು ಶಾರದಕ್ಕ ಕೇಳಿದರೆ ನಾನು "ಕೆಲವ್ರಿಗೆ ಹಂಗೇ" ಅನ್ನುತ್ತಿದ್ದೆ. ಸುದ್ದಿ ಬಾಳೆಹೊನ್ನೂರಿಗೂ ಮುಟ್ಟಿತು. ಅಂಗಡಿಯ ಪಕ್ಕದವರು ಮುಬಶಿರನನ್ನು ಕರೆದೊಯ್ದು, ಅಪ್ಪನಾಗ್ತಿದೀಯ ಎಂದು ಚಹಾ ಕುಡಿಸಿದರಂತೆ. ಅವನಿಗೆ ನಿಜ ಗೊತ್ತಿತ್ತು. "ನೀನೆಂತ ಮಾಡ್ದೆ?" ಎಂದು ನಸ್ರೀನ್ ಕೇಳಿದ್ದಕ್ಕೆ "ಕುಡ್ದೆ" ಅಂದನಂತೆ. ಅಷ್ಟು ಹೇಳಿ ಹಿತ್ತಲಿಗೆ ಹೋದವನು ಕತ್ತಲಾಗುವವರೆಗೆ ಒಳಗೆ ಬರಲಿಲ್ಲವಂತೆ.

ಆಗಸ್ಟ್ ಕೊನೆಗೆ ಆಶಾ ಕಾರ್ಯಕರ್ತೆ ಶಕೀಲಾ ತಾಯಿ ಕಾರ್ಡ್ ಕೇಳಿದಳು. ತವರಿನಲ್ಲಿ ಮಾಡಿಸಿದ್ದೇನೆ ಎಂದು ನಸ್ರೀನ್ ಅಂದಳು. "ಹಂಗಾದ್ರೆ ನಂಬರ್ ತರ್ಸು, ಅಂಗನವಾಡೀಲಿ ಪೋಷಣ್ ತಿಂಗಳ ಸೀಮಂತ ಇದೆ. ನಿನ್ನ ಹೆಸರು ಪಟ್ಟಿಗೆ ಹಾಕಿದೀನಿ" ಎಂದು ಹೇಳಿ ಹೋದಳು. ಐದು ಜನ ಬಸುರಿಯರು, ಐದು ಕುರ್ಚಿ. ಕಸದ ಗಾಡಿಯ ಡ್ರೈವರಿಗೇ ಸೀಮಂತ ಎಂದರೆ ಒಳ್ಳೆ ಫೋಟೋ ಆಗುತ್ತದೆ ಎಂದು ಜಯಪ್ರಕಾಶ್ ಕುಣಿಯುತ್ತಿದ್ದರು.

ಹಿಂದಿನ ದಿನ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಬೇರ್ಪಡಿಸುತ್ತ ನಾನೇ ಹೇಳಿದೆ, ಹೇಳಿದ್ದು ನೆನಪಾದರೆ ಇವತ್ತಿಗೂ ನನ್ನ ಮೇಲೆ ಸಿಟ್ಟು ಬರುತ್ತದೆ. "ಹೋಯ್ತು ಅಂತ ಹೇಳ್ಬಿಡು ನಸ್ರೀನ್. ಆಗ್ತದೆ ಎಷ್ಟೋ ಜನಕ್ಕೆ. ಅಯ್ಯೋ ಪಾಪ ಅಂತಾರೆ, ಯಾರೂ ಬಯ್ಯಲ್ಲ."

ಅವಳು ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟಳು. "ಇಲ್ದೇ ಇರೋ ಮಗೂನ ಸಾಯ್ಸೋದಾ ವನಜಕ್ಕ? ಅಷ್ಟೊಂದು ನನ್ನ ಕೈಲಿ ಆಗಲ್ಲ. ನಾಳೆ ಹೇಳ್ತೀನಿ, ಕುಮಾರ ಓಡ್ಸಿದ್ರೆ ಓಡ್ಸ್ಲಿ."

ಅಂಗನವಾಡಿಯಲ್ಲಿ ಚಾಪೆಯ ಮೇಲೆ ನಲವತ್ತು ಹೆಂಗಸರು. ಎದುರಿಗೆ ಐದು ಕುರ್ಚಿ, ಪಕ್ಕದ ಟೇಬಲ್ಲಿನ ಮೇಲೆ ಹಸಿರು ಬಳೆ, ಹೂವು, ಹಣ್ಣು. ನಾಲ್ವರು ಬಂದು ಕೂತರು. ಮೊದಲನೆಯವಳು ಗಗನಾ, ಏಳು ತಿಂಗಳ ಬಸುರಿ, ನಗುತ್ತಿದ್ದಳು. ನಸ್ರೀನ್ ಕೂರಲಿಲ್ಲ. ಐದನೇ ಕುರ್ಚಿಯ ಹಿಂದೆ ನಿಂತು ಅದರ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಫೋಟೋ ತೆಗೆಯಲು ಮೊಬೈಲ್ ಎತ್ತಿದ ಜಯಪ್ರಕಾಶ್ "ಕೂರಮ್ಮ" ಅಂದರು.

"ನಂಗೆ ಮಗು ಇಲ್ಲ ಸಾರ್" ಅಂದಳು. ಕಾಯಿಲೆಯ ಹೆಸರು ಹೇಳಿದಳು, ನನಗೆ ಹೇಳಿದ ಹಾಗೆಯೇ ಬಿಡಿಸಿ ಹೇಳಿದಳು. "ನೀವು ತಿಳ್ಕೊಂಡಿದ್ದು ಸುಳ್ಳು ಅಂತ ಜೂನ್‌ನಲ್ಲೇ ಗೊತ್ತಿತ್ತು, ಹೇಳ್ಲಿಲ್ಲ. ತಪ್ಪಾಯ್ತು. ಯಾಕೆ ಹೇಳ್ಲಿಲ್ಲ ಅಂದ್ರೆ, ಬಸುರಿಗೆ ಸುಸ್ತಾದ್ರೆ ನೀವು ನಂಬಿದ್ರಿ. ನಾನು ಬರೀ ಸುಸ್ತು ಅಂದಿದ್ರೆ ಯಾರು ನಂಬ್ತಿದ್ರಿ? ಮೂರು ತಿಂಗಳು ನೀವು ಕೊಟ್ಟಿದ್ರಿಂದ ನಾನು ಒಂದು ದಿನಾನೂ ಗಾಡಿ ತಪ್ಪಿಸ್ಲಿಲ್ಲ. ಮಗೂಗೆ ಅಂತ ಕೊಟ್ಟಿದ್ದನ್ನ ಇನ್ಮೇಲೆ ನಂಗೆ ಅಂತ ಕೊಡ್ತೀರಾ?"

ನಾನು ಎದ್ದು ನಿಂತು, ಸುದ್ದಿ ಹಬ್ಬಿಸಿದವಳು ನಾನು, ಬಯ್ಯುವುದಿದ್ದರೆ ನನ್ನನ್ನು ಬಯ್ಯಿರಿ ಅಂದೆ.

ಮುಂದೆ ಕೆಲಸದ ವಿಷಯ ಏನಾಯಿತು ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ಜಯಪ್ರಕಾಶ್ ಎರಡು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಡಾಕ್ಟರ ಪತ್ರ ತರಿಸಿಕೊಂಡು, ಭಾಗ ಮಾಡಿದ ದಾರಿಯನ್ನು ಹಾಗೆಯೇ ಉಳಿಸಿದರು. ಹೆಚ್ಚು ಕೆಟ್ಟ ದಿನಗಳಲ್ಲಿ ಕುಮಾರ ಬರುತ್ತಾನೆ. ಕೆಲವು ಮನೆಯವರು ಚೀಲ ಹೊತ್ತು ತರುವುದನ್ನು ನಿಲ್ಲಿಸಿದರು, ಇಬ್ಬರು ಈಗಲೂ ಅವಳ ಜೊತೆ ಮಾತಾಡುವುದಿಲ್ಲ. ಸುಬ್ಬಪ್ಪನವರು ಮಾತ್ರ "ಮಗು ಇಲ್ದಿದ್ರೆ ನಿದ್ದೆ ಬರ್ಬಾರ್ದು ಅಂತ ಇದೆಯಾ?" ಅಂದರು. ಮಾತ್ರೆಯಿಂದ ನೋವು ಕಡಿಮೆಯಾಗಿದೆ, ಸುಸ್ತು ಪೂರ್ತಿ ಹೋಗಿಲ್ಲ. ಇವತ್ತೂ ನಾನು ಅವಳ ರೆಪ್ಪೆ ನೋಡುತ್ತಲೇ ಕೂರುತ್ತೇನೆ.

ಆದರೆ ಆ ದಿನ ಅಂಗನವಾಡಿಯಲ್ಲಿ ನನ್ನ ಮಾತು ಮುಗಿದ ಕೂಡಲೇ ಎದ್ದವರು ಶಾರದಕ್ಕ. ಅವರ ಮುಖ ಕೆಂಪಾಗಿತ್ತು. ನನ್ನನ್ನು ತಳ್ಳಿಕೊಂಡೇ ಮುಂದೆ ಹೋಗಿ ನಿಂತರು.

"ಕೈಯಾರೆ ಕಡುಬು ಮಾಡಿ ತಂದು ಕೊಟ್ಟಿದ್ನಲ್ಲೇ ನಾನು! ದೇವ್ರಿಗೆ ಹರಕೆ ಹೊತ್ತಿದ್ದೆ ನಿನ್ನ ಹೆಸರಲ್ಲಿ. ಮುಟ್ಟಿನ ನೋವು ಯಾರಿಗಿಲ್ಲ? ಸುಸ್ತು ಯಾರಿಗಿಲ್ಲ? ನಾವೆಲ್ಲ ಮಲಗಿದ್ವಾ? ಈಗಿನವ್ರಿಗೆ ಎಲ್ಲದಕ್ಕೂ ಒಂದೊಂದು ಇಂಗ್ಲಿಷ್ ಹೆಸರು. ನಮ್ಮನೇಲೂ ಇದಾಳೆ ಒಬ್ಳು, ತಿಂಗಳಿಗೆ ನಾಲ್ಕು ದಿನ ಕಾಲೇಜಿಗೆ ಚಕ್ಕರ್, ಎಬ್ಬಿಸಿದ್ರೆ ಏಳಲ್ಲ, ಬಟ್ಟೆ ಒಗಿ ಅಂದ್ರೆ ಗೋಡೆ ಹಿಡ್ಕೊಂಡು ನಿಲ್ತಾಳೆ..." ಎಂದು ಬಾಗಿಲ ಕಡೆಗೆ ಕೈ ತೋರಿಸಿದರು. ಅಲ್ಲಿ ಅವರ ಮಗಳು ಸಿಂಚನಾ ನಿಂತಿದ್ದಳು. ಬಾಳಗಡಿಯ ಕಾಲೇಜಿಗೆ ಹೋಗುವ ಹುಡುಗಿ. ಅಮ್ಮನ ಜೊತೆ ಹಣ್ಣಿನ ಬುಟ್ಟಿ ಹೊತ್ತು ಬಂದಿದ್ದಳು.

ಸಿಂಚನಾ ಅಮ್ಮನನ್ನು ನೋಡಲಿಲ್ಲ. ಕುರ್ಚಿ ಹಿಡಿದು ನಿಂತಿದ್ದ ನಸ್ರೀನಳನ್ನು ನೋಡಿ, "ಅಕ್ಕ, ಆ ಡಾಕ್ಟ್ರು ಯಾವ ದಿನ ಸಿಗ್ತಾರೆ?" ಎಂದು ಕೇಳಿದಳು.

ಶಾರದಕ್ಕನ ಕೈ ಮೆಲ್ಲಗೆ ಕೆಳಗಿಳಿಯಿತು. ಮಗಳ ಕಡೆ ತಿರುಗಿದರು. ಅಷ್ಟು ಜನ ಇದ್ದಾರೆ ಎನ್ನುವುದೂ ಮರೆತವರ ಹಾಗೆ ಕೇಳಿದರು, "ಎಷ್ಟು ದಿನದಿಂದ ಹಿಂಗೆ ನಿಂಗೆ?"

"ಎಂಟನೇ ಕ್ಲಾಸಿಂದ ಅಮ್ಮ" ಅಂದಳು ಸಿಂಚನಾ. "ನಿಂಗೆ ಹೇಳಿದ್ದೆ."